ಸ್ವರಾಜ್ ದ್ವೀಪಕ್ಕೆ ಎರಡನೆಯ ಬಾರಿ: ಬೆನ್ನುಚೀಲ ಹೊತ್ತು ಜೊತೆಗಾರರೊಂದಿಗೆ ಮರಳುವವರಿಗೆ ಸಮಗ್ರ ಮಾರ್ಗದರ್ಶಿ

ಅಂಡಮಾನಿನ ಸ್ವರಾಜ್ ದ್ವೀಪಕ್ಕೆ ಎರಡನೆಯ ಬಾರಿ ಹೋಗುವವರು ಸಾಮಾನ್ಯವಾಗಿ ಮೊದಲ ಬಾರಿಗಿಂತ ಕಡಿಮೆ ಸಿದ್ಧತೆ ಮಾಡಿಕೊಳ್ಳುತ್ತಾರೆ. ದಾರಿ ಗೊತ್ತು, ದೋಣಿ ಗೊತ್ತು, ಯಾವ ತೀರದಲ್ಲಿ ಸೂರ್ಯ ಮುಳುಗುತ್ತಾನೆ ಎಂಬುದೂ ಗೊತ್ತು ಎಂಬ ಧೈರ್ಯ ಅವರದು. ಆದರೆ ಇಷ್ಟಪಟ್ಟ ದ್ವೀಪಕ್ಕೆ ಹೊಸಬರೊಬ್ಬರನ್ನು ಕರೆದುಕೊಂಡು ಹೋಗುವಾಗ ಕೈಕೊಡುವುದು ಈ ಧೈರ್ಯವೇ. ಅಲ್ಲಿನ ದಿನಚರಿಯನ್ನು ತೀರ್ಮಾನಿಸುವುದು ಗಾಳಿ, ಉಬ್ಬರವಿಳಿತ ಮತ್ತು ದೋಣಿಗಳ ವೇಳಾಪಟ್ಟಿ. ಅವು ನಿಮ್ಮ ಹಳೆಯ ನೆನಪಿಗೆ ಬದ್ಧವಾಗಿರುವುದಿಲ್ಲ. ಆದ್ದರಿಂದ ಯೋಜನೆಯನ್ನು ಕಡಲಿನ ಲೆಕ್ಕದಿಂದ ಆರಂಭಿಸಿ, ನೆನಪನ್ನು ಕೊನೆಗೆ ಸೇರಿಸಿಕೊಳ್ಳಬೇಕು ಎಂಬುದು ಈ ಬರಹದ ನಿಲುವು.

ಹೆಸರುಗಳ ಬಗ್ಗೆ ಮೊದಲೇ ತಿಳಿದಿದ್ದರೆ ಟಿಕೆಟ್ ಕಾಯ್ದಿರಿಸುವಾಗ ಗೊಂದಲವಾಗದು. ಹ್ಯಾವ್‌ಲಾಕ್ 2018ರ ಡಿಸೆಂಬರ್‌ನಲ್ಲಿ ಸ್ವರಾಜ್ ದ್ವೀಪವಾಯಿತು, ಪಕ್ಕದ ನೀಲ್ ಶಹೀದ್ ದ್ವೀಪವಾಯಿತು. ಪೋರ್ಟ್ ಬ್ಲೇರ್ 2024ರ ಸೆಪ್ಟೆಂಬರ್‌ನಲ್ಲಿ ಶ್ರೀ ವಿಜಯಪುರಂ ಆಯಿತು. ಹಳೆಯ ಮತ್ತು ಹೊಸ ಹೆಸರುಗಳೆರಡೂ ಬಳಕೆಯಲ್ಲಿರುವುದರಿಂದ ಟಿಕೆಟ್ ಹುಡುಕುವಾಗ ಎರಡನ್ನೂ ಪ್ರಯತ್ನಿಸಿ ನೋಡಿ.

ಮೊದಲ ಹೆಜ್ಜೆ: ಟಿಕೆಟ್‌ಗಿಂತ ಮುಂಚೆ ಮಾತುಕತೆ

ಜೊತೆಗೆ ಬರುವವರೊಂದಿಗೆ ಕುಳಿತು ನಾಲ್ಕು ವಿಷಯಗಳನ್ನು ಬಿಡಿಸಿ ಮಾತನಾಡಿಕೊಳ್ಳಿ. ಅವರಿಗೆ ಈಜು ಬರುತ್ತದೆಯೇ? ದೋಣಿಯಲ್ಲಿ ಹೊಟ್ಟೆ ತೊಳಸುತ್ತದೆಯೇ? ಒಂದೇ ಕೋಣೆಯ ಡಾರ್ಮಿಟರಿ ಹಾಸಿಗೆ, ಫ್ಯಾನ್ ಮಾತ್ರ ಇರುವ ಬಿದಿರಿನ ಗುಡಿಸಲು ಇವು ಅವರಿಗೆ ಒಗ್ಗುತ್ತವೆಯೇ? ದಿನಕ್ಕೆ ಎಷ್ಟು ಖರ್ಚು ಮಾಡುವ ಮನಸ್ಸಿದೆ? ನಾಲ್ಕನೆಯದನ್ನು ಸಂಕೋಚದಿಂದ ಮುಂದೂಡಿದರೆ ದ್ವೀಪ ತಲುಪಿದ ಮೇಲೆ ಪ್ರತಿ ಊಟದ ಮುಂದೆಯೂ ಅದೇ ಪ್ರಶ್ನೆ ಎದುರಾಗುತ್ತದೆ.

ಇದರ ಜೊತೆಗೆ ನೀವು ಮಾಡಬೇಕಾದ ಇನ್ನೊಂದು ಕೆಲಸವಿದೆ. ಕಳೆದ ಬಾರಿ ಇಷ್ಟವಾದದ್ದೆಲ್ಲವನ್ನೂ ಒಂದು ಹಾಳೆಯ ಮೇಲೆ ಬರೆದು, ಅದರಲ್ಲಿ ಈ ಸಲ ಮತ್ತೆ ಮಾಡಲೇಬೇಕಾದ ಎರಡನ್ನು ಮಾತ್ರ ಉಳಿಸಿಕೊಳ್ಳಿ. ಉಳಿದ ದಿನಗಳನ್ನು ನಿಮ್ಮಿಬ್ಬರಿಗೂ ಹೊಸದಾದ ಜಾಗಗಳಿಗೆ ಅಥವಾ ಸುಮ್ಮನಿರುವುದಕ್ಕೆ ಬಿಟ್ಟುಕೊಡಿ. ಹೀಗೆ ಮಾಡದಿದ್ದರೆ ಜೊತೆಗಾರರು ನಿಮ್ಮ ಹಳೆಯ ಪ್ರವಾಸದ ಪ್ರೇಕ್ಷಕರಾಗಿ ಉಳಿಯುತ್ತಾರೆ. "ಆಗ ಇಲ್ಲಿ ಇಷ್ಟು ಜನ ಇರಲಿಲ್ಲ" ಎಂಬ ಮಾತನ್ನು ದಿನಕ್ಕೆ ಹತ್ತು ಸಲ ಕೇಳಲು ಯಾರೂ ಅಷ್ಟು ದೂರ ಬರುವುದಿಲ್ಲ.

ಎರಡನೆಯ ಹೆಜ್ಜೆ: ತಿಂಗಳು ಮತ್ತು ತಿಥಿ

ಅಂಡಮಾನಿಗೆ ಎರಡು ಮಾರುತಗಳ ಮಳೆ ಬೀಳುತ್ತದೆ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತ, ನಂತರ ಡಿಸೆಂಬರ್‌ವರೆಗೂ ಈಶಾನ್ಯ ಮಾರುತ. ಡಿಸೆಂಬರ್ ಕೊನೆಯಿಂದ ಏಪ್ರಿಲ್‌ವರೆಗಿನ ಕಾಲ ಒಳ್ಳೆಯದು. ಅದರಲ್ಲೂ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಕಡಲು ಶಾಂತವಾಗಿದ್ದು ನೀರೂ ತಿಳಿಯಾಗಿರುತ್ತದೆ. ಕ್ರಿಸ್‌ಮಸ್ ಮತ್ತು ಹೊಸ ವರ್ಷದ ವಾರಗಳಲ್ಲಿ ಕೋಣೆಗಳ ಬೆಲೆ ಏರುವುದರಿಂದ ಬೆನ್ನುಚೀಲದ ಪ್ರವಾಸಿಗರು ಆ ವಾರಗಳನ್ನು ಬಿಡುವುದೇ ಲೇಸು.

ತಿಂಗಳು ನಿಶ್ಚಯವಾದ ಮೇಲೆ ಮನೆಯ ಗೋಡೆಯಲ್ಲಿ ನೇತಾಡುವ ಪಂಚಾಂಗದ ಕ್ಯಾಲೆಂಡರ್ ನೋಡಿ. ಬಹಳಷ್ಟು ಜನ ಇದನ್ನು ಮಾಡುವುದಿಲ್ಲ. ಆದರೆ ಈ ದ್ವೀಪಗಳ ಮಟ್ಟಿಗೆ ಹುಣ್ಣಿಮೆ ಅಮಾವಾಸ್ಯೆಗಳೇ ಅರ್ಧ ಯೋಜನೆ. ಸ್ವರಾಜ್ ದ್ವೀಪದ ಸುತ್ತಲಿನ ನೀರಿನಲ್ಲಿರುವ ಅತಿಸೂಕ್ಷ್ಮ ಜೀವಿಗಳು ಅಲುಗಾಟಕ್ಕೆ ನೀಲಿಯಾಗಿ ಮಿನುಗುತ್ತವೆ. ಬೆಳದಿಂಗಳಿದ್ದರೆ ಆ ಮಿನುಗು ಕಣ್ಣಿಗೆ ಬೀಳುವುದಿಲ್ಲ. ಅಮಾವಾಸ್ಯೆಯ ಆಸುಪಾಸಿನ ನಾಲ್ಕೈದು ರಾತ್ರಿಗಳು ಇದಕ್ಕೆ ಸೂಕ್ತ, ಕಯಾಕ್‌ನಲ್ಲಿ ಕರೆದೊಯ್ಯುವವರೂ ಸಿಗುತ್ತಾರೆ. ಹುಣ್ಣಿಮೆ ಮತ್ತು ಅಮಾವಾಸ್ಯೆಗಳಲ್ಲಿ ಉಬ್ಬರ ಅತಿ ಎತ್ತರಕ್ಕೂ ಇಳಿತ ಅತಿ ಕೆಳಕ್ಕೂ ಹೋಗುತ್ತದೆ. ಶಹೀದ್ ದ್ವೀಪದ ಸಹಜ ಶಿಲಾಸೇತುವೆಯನ್ನು ನೋಡಲು ನೀರು ಹೀಗೆ ಇಳಿದಿರಬೇಕು. ಅಂದರೆ ಅಮಾವಾಸ್ಯೆಯ ಆಸುಪಾಸಿಗೆ ಪ್ರವಾಸವನ್ನು ಹೊಂದಿಸಿಕೊಂಡರೆ ಎರಡೂ ಒಟ್ಟಿಗೆ ದಕ್ಕುತ್ತವೆ. ಆದರೆ ಇಳಿತದ ಹೊತ್ತಿನಲ್ಲಿ ಸ್ವರಾಜ್ ದ್ವೀಪದ ಪೂರ್ವ ಬದಿಯ ಹಳ್ಳಿ ವಿಜಯನಗರದ ಕಡೆಯ ತೀರಗಳಲ್ಲಿ ನೀರು ಬಹಳ ಹಿಂದೆ ಸರಿದು ಕಲ್ಲು ಹವಳಗಳು ಹೊರಬೀಳುವುದರಿಂದ ಈಜಲು ಬರುವುದಿಲ್ಲ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ ಎಂಬುದನ್ನು ನೆನಪಿಟ್ಟುಕೊಂಡು, ಆಯಾ ದಿನದ ಲೆಕ್ಕವನ್ನು ಮೊದಲೇ ಬರೆದಿಟ್ಟುಕೊಳ್ಳಿ.

ಇನ್ನೊಂದು ಸಂಗತಿ ಹೊಸಬರಿಗೆ ಅಚ್ಚರಿ ತರುತ್ತದೆ. ದ್ವೀಪಗಳು ಬೆಂಗಳೂರಿಗಿಂತ ಬಹಳ ಪೂರ್ವಕ್ಕಿದ್ದರೂ ಗಡಿಯಾರ ಒಂದೇ ಆದ್ದರಿಂದ ಡಿಸೆಂಬರ್‌ನಲ್ಲಿ ಸಂಜೆ ಐದು ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ. ಏಪ್ರಿಲ್ ಮೇ ತಿಂಗಳುಗಳಲ್ಲಿ ಬೆಳಗ್ಗೆ ಐದರ ಹೊತ್ತಿಗೇ ಬೆಳಕಾಗಿರುತ್ತದೆ. ಊರಿನ ಅಭ್ಯಾಸದಂತೆ ಹತ್ತು ಗಂಟೆಗೆ ಹೊರಟರೆ ದಿನದ ಒಳ್ಳೆಯ ಭಾಗ ಮುಗಿದೇ ಹೋಗಿರುತ್ತದೆ.

ಮೂರನೆಯ ಹೆಜ್ಜೆ: ತಲುಪುವ ದಾರಿ, ಒಂದು ಖಾಲಿ ದಿನ

ಬೆಂಗಳೂರು, ಚೆನ್ನೈ ಮತ್ತು ಕೋಲ್ಕತ್ತಾದಿಂದ ಶ್ರೀ ವಿಜಯಪುರಂಗೆ ವಿಮಾನಗಳಿವೆ. ಚೆನ್ನೈ, ಕೋಲ್ಕತ್ತಾ, ವಿಶಾಖಪಟ್ಟಣಗಳಿಂದ ಪ್ರಯಾಣಿಕ ಹಡಗುಗಳೂ ಹೋಗುತ್ತವೆ. ಪ್ರಯಾಣಕ್ಕೆ ಮೂರು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಸಮಯ ಧಾರಾಳವಾಗಿದ್ದು ಹಣ ಕಡಿಮೆ ಇದ್ದರೆ, ಕಳೆದ ಸಲ ವಿಮಾನದಲ್ಲಿ ಹೋಗಿದ್ದವರಿಗೆ ಹೋಗುವಾಗ ಹಡಗು, ಬರುವಾಗ ವಿಮಾನ ಎಂಬ ಏರ್ಪಾಡು ಎರಡನೆಯ ಪ್ರವಾಸವನ್ನೇ ಬೇರೆಯಾಗಿಸುತ್ತದೆ. ಹಡಗಿನ ವೇಳಾಪಟ್ಟಿ ನಿಯತವಾಗಿರುವುದಿಲ್ಲ, ಬಂಕ್ ದರ್ಜೆಯ ಸೌಕರ್ಯ ಸಾಧಾರಣ. ಸಮುದ್ರದ ಕುಲುಕಾಟ ತಡೆಯಲಾರದ ಜೊತೆಗಾರರಿದ್ದರೆ ಈ ಆಸೆಯನ್ನು ಬಿಟ್ಟುಬಿಡಿ.

ಶ್ರೀ ವಿಜಯಪುರಂನಿಂದ ಸ್ವರಾಜ್ ದ್ವೀಪ ಸುಮಾರು 40 ಕಿ.ಮೀ. ಈಶಾನ್ಯಕ್ಕಿದೆ. ಸರ್ಕಾರಿ ದೋಣಿ ಎರಡೂವರೆ ಗಂಟೆಯ ಆಸುಪಾಸು ತೆಗೆದುಕೊಳ್ಳುತ್ತದೆ, ಖಾಸಗಿ ವೇಗದ ದೋಣಿ ಒಂದೂವರೆ ಗಂಟೆಯಲ್ಲಿ ಮುಟ್ಟಿಸುತ್ತದೆ. ಸರ್ಕಾರಿ ದೋಣಿಯ ಟಿಕೆಟ್ ಅಗ್ಗ, ಆದರೆ ಬುಕಿಂಗ್ ತೆರೆಯುವುದು ಪ್ರಯಾಣಕ್ಕೆ ಕೆಲವೇ ದಿನ ಮುಂಚೆ, ತೆರೆದ ಮೇಲೆ ಬೇಗ ತುಂಬುತ್ತದೆ. ಖಾಸಗಿ ದೋಣಿಗೆ ಸಾವಿರಕ್ಕೂ ಮೇಲೆ ತೆರಬೇಕಾದರೂ ವಾರಗಳ ಮೊದಲೇ ಆಸನ ಗಟ್ಟಿ ಮಾಡಿಕೊಳ್ಳಬಹುದು. ನನ್ನ ಸಲಹೆ ಇಷ್ಟು: ಹೋಗುವಾಗ ಖಾಸಗಿ ದೋಣಿ ಕಾಯ್ದಿರಿಸಿ; ದ್ವೀಪದಿಂದ ದ್ವೀಪಕ್ಕೆ ಹೋಗಲು ಸರ್ಕಾರಿ ದೋಣಿ ಸಿಕ್ಕರೆ ಅದರಲ್ಲಿ ಹೋಗಿ. ಸರ್ಕಾರಿ ದೋಣಿಯ ತೆರೆದ ಡೆಕ್‌ನಲ್ಲಿ ನಿಂತು ಗಾಳಿಗೆ ಮುಖವೊಡ್ಡಬಹುದು, ತರಕಾರಿ ಬುಟ್ಟಿಗಳ ನಡುವೆ ಊರಿನವರ ಜೊತೆ ಕೂರಬಹುದು. ಬಹುತೇಕ ಖಾಸಗಿ ದೋಣಿಗಳಲ್ಲಿ ಮುಚ್ಚಿದ ಗಾಜಿನ ಹಿಂದೆ ಹವಾನಿಯಂತ್ರಣದಲ್ಲಿ ಕುಳಿತಿರಬೇಕು. ಎಲ್ಲ ದೋಣಿಗಳೂ ಒಂದೇ ಧಕ್ಕೆಯಿಂದ ಹೊರಡುವುದಿಲ್ಲವಾದ್ದರಿಂದ ಫೀನಿಕ್ಸ್ ಬೇ ಎಂದಿದೆಯೋ ಹ್ಯಾಡೊ ಎಂದಿದೆಯೋ ಟಿಕೆಟ್‌ನಲ್ಲಿ ನೋಡಿಕೊಳ್ಳಿ.

ವಿಮಾನ ಇಳಿದ ದಿನವೇ ಮಧ್ಯಾಹ್ನದ ದೋಣಿ ಹಿಡಿಯುವ ಯೋಜನೆ ಹಾಕುವುದಾದರೆ ಎರಡರ ನಡುವೆ ಕನಿಷ್ಠ ನಾಲ್ಕು ಗಂಟೆಯ ಅಂತರವಿರಲಿ. ಮರಳುವಾಗಲಂತೂ ವಿಮಾನದ ಹಿಂದಿನ ದಿನವೇ ಶ್ರೀ ವಿಜಯಪುರಂ ಸೇರಿಕೊಳ್ಳಬೇಕು. ಅದಕ್ಕೂ ಮೊದಲು ಯಾವ ಕಾರ್ಯಕ್ರಮವೂ ಇಲ್ಲದ ಒಂದು ದಿನವನ್ನು ಕೈಯಲ್ಲಿಟ್ಟುಕೊಂಡಿರಬೇಕು. ಇದು ಅತಿಯಾದ ಎಚ್ಚರಿಕೆಯಲ್ಲ. 2016ರ ಡಿಸೆಂಬರ್‌ನಲ್ಲಿ ಹವಾಮಾನ ಕೆಟ್ಟು ದೋಣಿಗಳು ನಿಂತುಹೋದಾಗ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಈ ದ್ವೀಪಗಳಲ್ಲಿ ಸಿಲುಕಿಕೊಂಡಿದ್ದರು, ಅವರನ್ನು ಕರೆತರಲು ನೌಕಾಪಡೆಯ ಹಡಗುಗಳು ಹೋಗಬೇಕಾಯಿತು.

ನಾಲ್ಕನೆಯ ಹೆಜ್ಜೆ: ಕಾಗದಪತ್ರ ಮತ್ತು ಚೀಲ

ಭಾರತೀಯರಿಗೆ ಈ ಮಾರ್ಗದಲ್ಲಿ ಪರವಾನಗಿ ಬೇಕಿಲ್ಲ, ಗುರುತಿನ ಚೀಟಿ ಸಾಕು. ಅದರ ಕೆಲವು ನಕಲುಪ್ರತಿಗಳು ಕೈಯಲ್ಲಿರಲಿ. ಜೊತೆಗಾರರು ವಿದೇಶದಲ್ಲಿ ನೆಲೆಸಿದ ಕನ್ನಡಿಗರಾಗಿದ್ದು ಬೇರೆ ದೇಶದ ಪಾಸ್‌ಪೋರ್ಟ್ ಹೊಂದಿದ್ದರೆ ಅವರಿಗೆ ನಿಯಮ ಬೇರೆ. ಹೊರಡುವ ಮೊದಲೇ ಅಧಿಕೃತವಾಗಿ ವಿಚಾರಿಸಿಕೊಳ್ಳಬೇಕು. ನಿಕೋಬಾರ್‌ನ ಬಹುಪಾಲು ದ್ವೀಪಗಳು ಮತ್ತು ಬುಡಕಟ್ಟು ಮೀಸಲು ಪ್ರದೇಶಗಳು ಪ್ರವಾಸಿಗರಿಗೆ ತೆರೆದಿಲ್ಲ. ಉತ್ತರ ದಿಕ್ಕಿನ ಬಾರಾಟಾಂಗ್ ಕಡೆಗೆ ರಸ್ತೆಯಲ್ಲಿ ಹೋಗುವವರು ಜಾರವಾ ಬುಡಕಟ್ಟಿನ ಮೀಸಲು ಪ್ರದೇಶವನ್ನು ಬೆಂಗಾವಲಿನ ವಾಹನ ಸಾಲಿನಲ್ಲಿ ದಾಟಬೇಕು. ಅಲ್ಲಿ ನಿಲ್ಲುವುದು, ಫೋಟೊ ತೆಗೆಯುವುದು, ತಿನಿಸು ಕೊಡುವುದು ಅಪರಾಧ. ಜನರನ್ನು ನೋಡುವ ಆಸೆಯಿಂದ ಆ ರಸ್ತೆಗೆ ಹೋಗುವವರ ಜೊತೆ ನಾನಂತೂ ಪ್ರವಾಸ ಮಾಡಲಾರೆ.

ಚೀಲ 40 ಲೀಟರ್ ಮೀರಬಾರದು. ದೋಣಿ ಹತ್ತುವಾಗ, ಆಟೊದಲ್ಲಿ ತುರುಕುವಾಗ ಇದರ ಬೆಲೆ ತಿಳಿಯುತ್ತದೆ. ಬೇಗ ಒಣಗುವ ಬಟ್ಟೆ, ತೋಳು ಮುಚ್ಚುವ ಈಜುಡುಗೆ, ನೀರು ನುಗ್ಗದ ಸಣ್ಣ ಚೀಲ, ಟಾರ್ಚ್, ನೀರಿನ ಬಾಟಲಿ, ತಲೆಸುತ್ತುವಿಕೆಗೆ ಅವೋಮಿನ್‌ನಂಥ ಮಾತ್ರೆ, ಮರಳುನೊಣದ ಕಡಿತಕ್ಕೆ ಮುಲಾಮು ಇರಲಿ. ಮರಳುನೊಣ ಕಣ್ಣಿಗೆ ಸುಲಭವಾಗಿ ಕಾಣದಷ್ಟು ಸಣ್ಣದು, ಕಡಿತದ ತುರಿಕೆ ಮಾತ್ರ ವಾರಗಟ್ಟಲೆ ಇರುತ್ತದೆ. ಒದ್ದೆ ಮರಳಿನ ಮೇಲೆ ನೇರವಾಗಿ ಮಲಗದೆ ಕೆಳಗೆ ಪಂಚೆಯನ್ನಾದರೂ ಹಾಸಿಕೊಳ್ಳಬೇಕು. ಎರಡು ಚೀಲಗಳಲ್ಲಿ ಒಂದೇ ವಸ್ತು ಎರಡೆರಡು ಬೇಕಿಲ್ಲ: ಔಷಧಿ ಒಬ್ಬರ ಬಳಿ, ಚಾರ್ಜರ್ ಮತ್ತು ಪವರ್‌ಬ್ಯಾಂಕ್ ಇನ್ನೊಬ್ಬರ ಬಳಿ ಎಂದು ಹಂಚಿಕೊಳ್ಳಿ. ಹಣವನ್ನು ಮಾತ್ರ ಇಬ್ಬರೂ ಇಟ್ಟುಕೊಳ್ಳಿ.

ಚೆನ್ನೈಯಿಂದ ಬಂದ ಸಮುದ್ರತಳದ ಆಪ್ಟಿಕಲ್ ಫೈಬರ್ ಕೇಬಲ್ 2020ರ ಆಗಸ್ಟ್‌ನಲ್ಲಿ ಉದ್ಘಾಟನೆಯಾದ ಮೇಲೆ ಇಂಟರ್‌ನೆಟ್ ಬಹಳ ಸುಧಾರಿಸಿದೆ. ಅದಕ್ಕೂ ಮೊದಲು ಹೋಗಿದ್ದವರಿಗೆ ಈ ಬದಲಾವಣೆ ಎದ್ದು ಕಾಣುತ್ತದೆ. ಆದರೂ ಯುಪಿಐಯನ್ನೇ ನಂಬಿಕೊಂಡು ಹೋಗಬೇಡಿ. ಎಟಿಎಂಗಳು ಕೆಲವೇ ಇವೆ, ಸಿಗ್ನಲ್ ಇಲ್ಲದ ತೀರದಲ್ಲಿ ಎಳನೀರಿಗೂ ನಗದೇ ಬೇಕು.

ಐದನೆಯ ಹೆಜ್ಜೆ: ಉಳಿಯುವ ಜಾಗ

ಧಕ್ಕೆಯಿಂದ ದಕ್ಷಿಣಕ್ಕೆ ಸಾಗುವ ರಸ್ತೆಯಲ್ಲಿ ಗೋವಿಂದನಗರ, ವಿಜಯನಗರ, ಕಾಲಾಪತ್ಥರ್ ಸಾಲಾಗಿ ಸಿಗುತ್ತವೆ. ಊರಿನವರು ತೀರಗಳನ್ನು ಅಂಕಿಯಿಂದಲೇ ಗುರುತಿಸುತ್ತಾರೆ: ಗೋವಿಂದನಗರ ಮೂರು, ವಿಜಯನಗರ ಐದು, ದ್ವೀಪದ ಪಶ್ಚಿಮ ಬದಿಯ ರಾಧಾನಗರ ಏಳು. ಬೆನ್ನುಚೀಲದವರಿಗೆ ಮೂರು ಮತ್ತು ಐದರ ನಡುವಿನ ಪಟ್ಟಿಯೇ ಅನುಕೂಲ. ಅಡಿಕೆ ತೆಂಗಿನ ತೋಟಗಳೊಳಗೆ ಗುಡಿಸಲುಗಳಿವೆ, ಡೈವಿಂಗ್ ಶಾಲೆಗಳೂ ಊಟದ ಮನೆಗಳೂ ನಡೆದು ಹೋಗುವಷ್ಟು ಹತ್ತಿರ. ರಾಧಾನಗರದ ಪಕ್ಕದಲ್ಲೇ ಉಳಿಯುವ ಆಸೆ ಸಹಜ, ಆದರೆ ಅಲ್ಲಿ ಅಗ್ಗದ ಜಾಗ ಕಡಿಮೆ, ಸಂಜೆಯ ನಂತರ ಮಾಡಲು ಏನೂ ಇರುವುದಿಲ್ಲ.

ಕಳೆದ ಬಾರಿ ಉಳಿದಿದ್ದ ಗುಡಿಸಲಿನಲ್ಲೇ ಮತ್ತೆ ಉಳಿಯಬೇಕೆನಿಸಿದರೆ ಮೊದಲೇ ಫೋನ್ ಮಾಡಿ ವಿಚಾರಿಸಿ. ಮಾಲೀಕರು ಬದಲಾಗಿರಬಹುದು, ಬಿದಿರಿನ ಗುಡಿಸಲಿದ್ದಲ್ಲಿ ಕಾಂಕ್ರೀಟ್ ಎದ್ದಿರಬಹುದು. ಮೊದಲ ಎರಡು ರಾತ್ರಿಗಳಿಗೆ ಮಾತ್ರ ಮುಂಗಡ ಕೊಟ್ಟು, ಉಳಿದದ್ದನ್ನು ಇಬ್ಬರೂ ನೋಡಿ ಒಪ್ಪಿದ ಮೇಲೆ ತೀರ್ಮಾನಿಸುವುದು ಒಳ್ಳೆಯದು. ದ್ವೀಪದ ಬಹುಪಾಲು ಕುಟುಂಬಗಳು ದೇಶ ವಿಭಜನೆಯ ನಂತರ ಪೂರ್ವ ಬಂಗಾಳದಿಂದ ಬಂದು ನೆಲೆಸಿದವು. ಮನೆಮಾತು ಬಂಗಾಳಿ, ಹಿಂದಿ ಎಲ್ಲರಿಗೂ ಬರುತ್ತದೆ. ಮಾರುಕಟ್ಟೆಯ ಸಣ್ಣ ಹೋಟೆಲಿನ ಮೀನಿನ ಥಾಲಿ ರೆಸಾರ್ಟಿನ ಊಟಕ್ಕಿಂತ ಅಗ್ಗವೂ ಹೌದು, ರುಚಿಯೂ ಹೌದು. ಸಸ್ಯಾಹಾರಿಗಳಿಗೆ ಅನ್ನ, ಬೇಳೆ, ಆಲೂಗಡ್ಡೆ ಪಲ್ಯಕ್ಕೆ ಕೊರತೆಯಿಲ್ಲ.

ಆರನೆಯ ಹೆಜ್ಜೆ: ದ್ವೀಪದ ಮೇಲಿನ ದಿನಗಳು

ಮೊದಲ ದಿನ ಜೊತೆಗಾರರನ್ನು ಎಲ್ಲಿಗೂ ಕರೆದೊಯ್ಯಬೇಡಿ. ಅವರು ತಾವೇ ರಸ್ತೆಯ ಎರಡು ಬದಿ ನಡೆದು ನೋಡಲಿ. ಎರಡನೆಯ ದಿನ ಮಧ್ಯಾಹ್ನ ಮೂರರ ಹೊತ್ತಿಗೆ ಬಸ್ಸಿನಲ್ಲೋ ಬಾಡಿಗೆ ಸ್ಕೂಟರ್‌ನಲ್ಲೋ ರಾಧಾನಗರಕ್ಕೆ ಹೊರಡಿ. ಧಕ್ಕೆಯಿಂದ ಸುಮಾರು 12 ಕಿ.ಮೀ. ದಾರಿ. 2004ರಲ್ಲಿ ಟೈಮ್ ಪತ್ರಿಕೆ ಏಷ್ಯಾದ ಅತ್ಯುತ್ತಮ ತೀರವೆಂದು ಹೊಗಳಿದ್ದು ಇದನ್ನೇ; 2020ರಲ್ಲಿ ಭಾರತದ ಎಂಟು ತೀರಗಳಿಗೆ, ಸ್ವಚ್ಛ ಮತ್ತು ಸುರಕ್ಷಿತ ತೀರಗಳಿಗೆ ಕೊಡುವ ನೀಲಿ ಧ್ವಜ ಮಾನ್ಯತೆ ದೊರೆತಾಗ ನಮ್ಮ ಪಡುಬಿದ್ರಿ, ಕಾಸರಕೋಡುಗಳ ಜೊತೆಗೆ ಈ ತೀರವೂ ಇತ್ತು. ಪ್ರವೇಶದ್ವಾರದ ಬಳಿಯೇ ಎಲ್ಲರೂ ಗುಂಪಾಗಿ ನಿಲ್ಲುತ್ತಾರೆ. ಸ್ವಲ್ಪ ದೂರ ನಡೆದರೆ ದೈತ್ಯ ಮರಗಳ ಸಾಲಿನ ಕೆಳಗೆ ಯಾರೂ ಇರುವುದಿಲ್ಲ.

ಎಲಿಫೆಂಟಾ ಎಂದು ಕೆಲವರು ತಪ್ಪಾಗಿ ಹೇಳುವ ಎಲಿಫೆಂಟ್ ಬೀಚಿಗೆ ಧಕ್ಕೆಯಿಂದ ದೋಣಿಯಲ್ಲಿ ಹೋಗಬಹುದು, ರಾಧಾನಗರದ ರಸ್ತೆಯಿಂದ ಕಾಡಿನೊಳಗೆ ನಡೆದೂ ಹೋಗಬಹುದು. ಕಾಲುದಾರಿ ತೆರೆದಿದೆಯೇ, ಮಾರ್ಗದರ್ಶಿ ಕಡ್ಡಾಯವೇ ಎಂದು ಹಿಂದಿನ ದಿನ ವಿಚಾರಿಸಿ, ಬೆಳಗಿನ ಮೊದಲ ಹೊತ್ತಿಗೇ ಹೊರಡಿ. ಹತ್ತು ಗಂಟೆಯ ನಂತರ ಅಲ್ಲಿ ಜೆಟ್‌ಸ್ಕೀಗಳ ಗದ್ದಲ ಶುರುವಾಗುತ್ತದೆ. ಕಾಲಾಪತ್ಥರ್‌ನ ಸೂರ್ಯೋದಯದ ಬಗ್ಗೆ ಹೇಳುವಷ್ಟು ವಿಶೇಷವೇನೂ ನನಗೆ ಕಂಡಿಲ್ಲ. ಪೂರ್ವ ಬದಿಯಲ್ಲಿ ಉಳಿದವರಿಗೆ ತಮ್ಮ ಗುಡಿಸಲ ಮುಂದೆಯೇ ಅದೇ ಸೂರ್ಯ ಹುಟ್ಟುತ್ತಾನೆ.

ದಿನಕ್ಕೆ ಅರ್ಧ ಹೊತ್ತಾದರೂ ಇಬ್ಬರೂ ಬೇರೆ ಬೇರೆ ಇರುವ ಏರ್ಪಾಡು ಮಾಡಿಕೊಳ್ಳಿ. ಒಬ್ಬರು ಡೈವ್ ಮಾಡಲು ಹೋದಾಗ ಇನ್ನೊಬ್ಬರು ಸೈಕಲ್ ಹಿಡಿಯಬಹುದು. ಸಂಜೆ ಎಲ್ಲಿ, ಎಷ್ಟು ಹೊತ್ತಿಗೆ ಸೇರುವುದೆಂದು ಬೆಳಗ್ಗೆಯೇ ಹೇಳಿಕೊಂಡಿರಬೇಕು. ಫೋನ್ ಸಿಗದ ಜಾಗಗಳು ಇನ್ನೂ ಇವೆ.

ಏಳನೆಯ ಹೆಜ್ಜೆ: ನೀರಿಗಿಳಿಯುವುದು

ಈಜು ಬರದವರೂ ತರಬೇತುದಾರರ ಜೊತೆ ಗರಿಷ್ಠ 12 ಮೀಟರ್ ಆಳದವರೆಗಿನ ಪರಿಚಯ ಡೈವ್ ಮಾಡಬಹುದು. ನೀಮೋ ರೀಫ್ ಎಂಬ ಹವಳದ ದಿಬ್ಬ ಇದಕ್ಕೆ ಹೆಸರಾದ ಜಾಗ. ಈಜು ಬಂದು ಮೂರು ನಾಲ್ಕು ದಿನ ಬಿಡುವಿದ್ದರೆ ಓಪನ್ ವಾಟರ್ ಎಂಬ ಮೊದಲ ಹಂತದ ಡೈವಿಂಗ್ ಕೋರ್ಸ್ ಮುಗಿಸಿ 18 ಮೀಟರ್‌ವರೆಗಿನ ಅರ್ಹತೆ ಪಡೆಯಬಹುದು. ಕಳೆದ ಬಾರಿ ನೀವು ಈ ಕೋರ್ಸ್ ಮಾಡಿದ್ದು ಆಮೇಲೆ ನೀರಿಗಿಳಿದಿಲ್ಲವಾದರೆ ಮೊದಲು ಒಂದು ಪುನರಭ್ಯಾಸದ ಡೈವ್ ಮಾಡಿ, ನಂತರವೇ ಜಾನೀಸ್ ಗಾರ್ಜ್, ಡಿಕ್ಸನ್ಸ್ ಪಿನಕಲ್‌ನಂಥ ಆಳದ ಜಾಗಗಳ ಯೋಚನೆ. ಹೊಸಬರ ಪಕ್ಕದಲ್ಲೇ ಇರಬೇಕೆಂದು ಅವರ ಪರಿಚಯ ಡೈವ್‌ಗೆ ನೀವೂ ಸೇರಿಕೊಂಡರೆ ಇಬ್ಬರಿಗೂ ಪ್ರಯೋಜನವಿಲ್ಲ, ತರಬೇತುದಾರರಿಗೆ ಬಿಟ್ಟುಕೊಡಿ. ಅಸ್ತಮಾ, ಹೃದಯದ ತೊಂದರೆ, ಕಿವಿಯ ಸೋಂಕು ಇದ್ದರೆ ಆರೋಗ್ಯದ ನಮೂನೆಯಲ್ಲಿ ಮುಚ್ಚಿಡಬಾರದು. ವಾಂತಿ ತಡೆಯುವ ಕೆಲವು ಮಾತ್ರೆಗಳಿಂದ ನಿದ್ದೆ ಬರುವುದರಿಂದ ಡೈವ್ ದಿನ ಅವನ್ನು ನುಂಗುವ ಮೊದಲು ಕೇಳಿಕೊಳ್ಳಿ. ಕೊನೆಯ ಡೈವ್‌ಗೂ ವಿಮಾನಕ್ಕೂ ನಡುವೆ ಕನಿಷ್ಠ 18 ಗಂಟೆ ಅಂತರ ಬೇಕು. ಆದ್ದರಿಂದ ಡೈವಿಂಗ್ ಪ್ರವಾಸದ ಮೊದಲರ್ಧದಲ್ಲಿ ಮುಗಿಯಲಿ.

ಹವಳಗಳ ಬಗ್ಗೆ ಜೊತೆಗಾರರಿಗೆ ಹೆಚ್ಚಿನ ಭರವಸೆ ಕೊಡಬೇಡಿ. ಸಮುದ್ರದ ನೀರು ಕೆಲವು ವಾರ ಹೆಚ್ಚು ಬಿಸಿಯಾದರೆ ಹವಳಗಳು ತಮ್ಮೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತವೆ; ಅಂಡಮಾನಿನಲ್ಲಿ 2010ರಲ್ಲೂ 2016ರಲ್ಲೂ ಹೀಗಾಯಿತು. ದಡದ ಬಳಿಯ ಆಳವಿಲ್ಲದ ಹವಳದ ದಿಬ್ಬಗಳೇ ಹೆಚ್ಚು ಪೆಟ್ಟು ತಿಂದವು. ನೀವು ವರ್ಷಗಳ ಹಿಂದೆ ಬಣ್ಣ ಕಂಡಲ್ಲಿ ಈಗ ಬೂದು ಕಾಣಬಹುದು. ಉಳಿದಿರುವುದರ ಮೇಲೆ ಕಾಲಿಡಬೇಡಿ, ಮುಟ್ಟಬೇಡಿ.

ಉಪ್ಪುನೀರಿನ ಮೊಸಳೆಗಳು ಈ ದ್ವೀಪಗಳಲ್ಲಿ ನಿಜವಾಗಿಯೂ ಇವೆ. 2010ರಲ್ಲಿ ರಾಧಾನಗರದ ಬಳಿ ಸ್ನಾರ್ಕೆಲಿಂಗ್ ಮಾಡುತ್ತಿದ್ದ ಅಮೆರಿಕದ ಪ್ರವಾಸಿಯೊಬ್ಬರು ಮೊಸಳೆಗೆ ಬಲಿಯಾದರು. ಎಚ್ಚರಿಕೆಯ ಫಲಕವಿರುವಲ್ಲಿ, ತೊರೆ ಸಮುದ್ರ ಸೇರುವಲ್ಲಿ, ಮ್ಯಾಂಗ್ರೋವ್ ಅಂಚಿನಲ್ಲಿ, ಮಬ್ಬು ಬೆಳಕಿನಲ್ಲಿ ನೀರಿಗಿಳಿಯಬಾರದು. "ಕಳೆದ ಸಲ ಇಲ್ಲೇ ಈಜಿದ್ದೆ" ಎಂಬುದು ಈ ವಿಷಯದಲ್ಲಿ ಪುರಾವೆಯಾಗುವುದಿಲ್ಲ. ಜೀವರಕ್ಷಕರು ಹೇಳಿದ್ದೇ ಅಂತಿಮ.

ಎಂಟನೆಯ ಹೆಜ್ಜೆ: ಶಹೀದ್ ದ್ವೀಪದಲ್ಲಿ ಎರಡು ರಾತ್ರಿ

ಬಹುತೇಕರು ಇದನ್ನು ಅರ್ಧ ದಿನದಲ್ಲಿ ಮುಗಿಸಿ ಓಡುತ್ತಾರೆ. ಎರಡು ರಾತ್ರಿ ಉಳಿದವರಿಗೆ ಮಾತ್ರ ಆ ದ್ವೀಪದ ಸಾವಧಾನ ಸಿಗುತ್ತದೆ. ತರಕಾರಿ ಬೆಳೆಗೆ ಹೆಸರಾದ ಊರು. ಹಳ್ಳಿಗಳಿಗೆ ಸೀತಾಪುರ, ಭರತಪುರ, ಲಕ್ಷ್ಮಣಪುರ, ರಾಮನಗರ ಎಂದು ರಾಮಾಯಣದ ಹೆಸರುಗಳು. ಸೈಕಲ್ ಸಾಕು. ಸೂರ್ಯೋದಯಕ್ಕೆ ಸೀತಾಪುರ, ಈಜಲು ಭರತಪುರ, ಸಂಜೆಗೆ ಲಕ್ಷ್ಮಣಪುರ. ಶಿಲಾಸೇತುವೆಗೆ ಇಳಿತಕ್ಕೆ ಒಂದು ಗಂಟೆ ಮೊದಲೇ ಗಟ್ಟಿ ಅಟ್ಟೆಯ ಚಪ್ಪಲಿ ಹಾಕಿಕೊಂಡು ಹೋಗಿ, ನೀರು ಏರುವ ಮೊದಲು ಮರಳಿ ಬನ್ನಿ.

ಸ್ವರಾಜ್, ಶಹೀದ್ ಎರಡನ್ನೂ ಹಿಂದೆ ನೋಡಿದ್ದು, ಹೆಚ್ಚುವರಿ ಐದಾರು ದಿನಗಳಿದ್ದರೆ ಹಟ್ ಬೇ ಮೂಲಕ ಲಿಟಲ್ ಅಂಡಮಾನ್ ಅಥವಾ ಲಾಂಗ್ ಐಲೆಂಡ್ ಸೇರಿಸಿಕೊಳ್ಳಬಹುದು. ಅಲ್ಲಿ ಸೌಕರ್ಯ ಕಡಿಮೆ, ದೋಣಿಗಳು ಇನ್ನೂ ಅನಿಶ್ಚಿತ. ಮೊದಲ ಬಾರಿ ಬಂದ ಜೊತೆಗಾರರು ಒಪ್ಪಿದರೆ ಮಾತ್ರ.

ಒಂಬತ್ತನೆಯ ಹೆಜ್ಜೆ: ಲೆಕ್ಕ ಮತ್ತು ಹೊರಡುವುದು

ಇಬ್ಬರೂ ಸಮನಾಗಿ ಹಣ ಹಾಕಿದ ಒಂದು ಸಾಮಾನ್ಯ ಕೈಚೀಲವಿರಲಿ; ಕೋಣೆ, ದೋಣಿ, ಆಟೊ, ಊಟಕ್ಕೆ ಅದರಿಂದ ಕೊಡಿ. ಡೈವಿಂಗ್ ಮತ್ತು ಸ್ವಂತ ಖರೀದಿ ಅವರವರದೇ. ಚೀಲ ಖಾಲಿಯಾದಾಗ ಮತ್ತೆ ಸಮನಾಗಿ ತುಂಬಿದರೆ ಪ್ರತಿ ಚಹಾದ ಲೆಕ್ಕ ಬರೆಯುವ ಗೋಜು ತಪ್ಪುತ್ತದೆ.

ಹೊರಡುವ ಹಿಂದಿನ ರಾತ್ರಿ ಶ್ರೀ ವಿಜಯಪುರಂನ ಕೋಣೆಯಲ್ಲಿ ಎರಡೂ ಚೀಲಗಳನ್ನು ಪೂರ್ತಿ ಬಿಚ್ಚಿ ನೋಡಿ. ಜೊತೆಗಾರರು ಮುದ್ದಾಗಿದೆಯೆಂದು ತೀರದಿಂದ ಹೆಕ್ಕಿದ ಹವಳದ ತುಂಡೋ ಶಂಖವೋ ಚೀಲದ ಮೂಲೆಯಲ್ಲಿರಬಹುದು. ಹವಳಗಳೂ ಹಲವು ಬಗೆಯ ಚಿಪ್ಪುಗಳೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ, ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಹಿಡಿಯುತ್ತಾರೆ. ಅಂಥದ್ದು ಕಂಡರೆ ಹೊರಗೆ ತೆಗೆದಿಡಿ. ಒದ್ದೆ ಬಟ್ಟೆಗಳನ್ನು ಬೇರೆ ಚೀಲಕ್ಕೆ ಹಾಕಿ, ಪವರ್‌ಬ್ಯಾಂಕನ್ನು ಕೈಚೀಲಕ್ಕೆ ವರ್ಗಾಯಿಸಿ, ಬೆಳಗಿನ ಆಟೊವನ್ನು ಆ ರಾತ್ರಿಯೇ ಗೊತ್ತುಮಾಡಿಕೊಳ್ಳಿ.